ಪೂರ್ವಕ್ಕೆ ಮುಖ ಮಾಡಿದ ಗಾಡಿ

ಸಿಗಂದೂರಿಗೆ ಸೇತುವೆ ಆಯಿತೆಂದು ನಾಡೆಲ್ಲ ಸಂತೋಷಪಟ್ಟಿತು, ನನ್ನ ಸೋದರಮಾವ ಗೋಣೆಪ್ಪ ಒಬ್ಬನನ್ನು ಬಿಟ್ಟು. ಹಿನ್ನೀರಿನ ಆಚೆಯವರು ಬಸುರಿಯರನ್ನೂ ಕಾಯಿಲೆಯವರನ್ನೂ ಲಾಂಚಿಗೆ ಕಾಯಿಸಿ ಕಾಯಿಸಿ ಸಾಕಾಗಿ ಸೇತುವೆ ಕೇಳಿದ್ದರು. ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು ವರ್ಷಕ್ಕೊಮ್ಮೆ ಆ ಲಾಂಚ್ ಹತ್ತಿ ಇಳಿಯುತ್ತಿದ್ದ ಮಾವ ಮಾತ್ರ, ತನ್ನ ಹೊಲದ ಬದುವನ್ನು ಯಾರೋ ಒತ್ತಿದ್ದಾರೆ ಎನ್ನುವ ಹಾಗೆ ಮುಖ ಊದಿಸಿಕೊಂಡ. ಗಾಡಿಯಲ್ಲಿ ಕುಂತು, ಆ ಗಾಡಿಯ ಸಮೇತ ನೀರಿನ ಮೇಲೆ ತೇಲಿಹೋಗುವ ಸುಖ ಸೇತುವೆಯಲ್ಲಿ ಎಲ್ಲಿದೆ ಎಂದು ಅವನ ವಾದ.

"ಸೇತುವೆ ಇನ್ನೂ ಆಗದೇ ಇರೋ ಜಾಗ ಎಲ್ಲೈತೆ ಹುಡುಕ್ರಿ ಅಳಿಯಂದ್ರೇ," ಎಂದ ಮಗಳ ಗಂಡನಿಗೆ.

ಅಳಿಯ ಹುಡುಕಿದ. ಗುಜರಾತಿನಲ್ಲಿ ಸಿಕ್ಕಿತು. ಸೂರತ್ತಿನ ಹತ್ತಿರ ಲಾರಿ, ಬಸ್ಸು, ಕಾರುಗಳನ್ನೆಲ್ಲ ಹೊಟ್ಟೆಯೊಳಗೆ ತುಂಬಿಕೊಂಡು ಕೊಲ್ಲಿ ದಾಟಿಸುವ ದೊಡ್ಡ ಹಡಗಿದೆ. ಆಚೆ ದಡದಿಂದ ಸೋಮನಾಥಕ್ಕೆ ಒಂದು ಹಗಲಿನ ದಾರಿ. ಹೋಗುವಾಗ ಕೊಂಕಣದಲ್ಲಿ ಇನ್ನೆರಡು ಸಣ್ಣವು, ಬರುವಾಗ ಪೂರ್ತಿ ರಸ್ತೆ. ಮೂರಕ್ಕೂ ನಮ್ಮವರು ಲಾಂಚ್ ಎಂದೇ ಹೆಸರಿಟ್ಟರು. ಹೋಗಿ ಬರಲು ಮೂರು ಸಾವಿರ ಕಿಲೋಮೀಟರಿನ ಮೇಲಾಗುತ್ತದೆ, ಹದಿನೆಂಟು ದಿನ. ಲಾಡ್ಜಿನ ಹಾಸಿಗೆಯ ಮೇಲೆ ಯಾರ್ಯಾರು ಮಲಗಿರುತ್ತಾರೋ ಎಂದು ನಮ್ಮತ್ತೆ ಅನ್ನಪೂರ್ಣ ಮೂಗು ಮುರಿದದ್ದರಿಂದ, ಮಲಗುವುದು, ಬೇಯಿಸುವುದು, ಸ್ನಾನ, ಎಲ್ಲವೂ ಗಾಡಿಯೊಳಗೇ ಆಗಬೇಕೆಂದು ತೀರ್ಮಾನವಾಯಿತು. ಫೋನಿನಲ್ಲಿ ಯಾರೋ ಬಿಳಿಯರು ಹಾಗೆ ಸಂಸಾರ ಮಾಡುವುದನ್ನು ಮಾವ ನೋಡಿದ್ದ. ಜಗಳೂರಿನ ಕಡೆಯಿಂದ ಒಂದು ಹಳೇ ಸ್ಕೂಲ್ ಬಸ್ ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದ.

ನಾನು ಸಿದ್ದು. ಹೊನ್ನಾಳಿಯ ಹರಿಹರ ರಸ್ತೆಯ ಬದಿಗೆ ನನ್ನದೊಂದು ತಗಡಿನ ಶೆಡ್ ಇದೆ. ಲಾರಿ, ಟೆಂಪೋ, ಬಸ್ಸುಗಳಿಗೆ ಬಾಡಿ ಕಟ್ಟುವುದು ಕಸುಬು. ಬರಿ ಚಾಸಿ ಬರುತ್ತದೆ, ನಾನು ಅದಕ್ಕೆ ಮೈ ಕೊಡುತ್ತೇನೆ, ಯಾರೋ ಬಂದು ಹೂವಿನ ಹಾರ ಹಾಕಿ ಓಡಿಸಿಕೊಂಡು ಹೋಗುತ್ತಾರೆ. ಇಲ್ಲಿಯವರೆಗೆ ನಲವತ್ತಕ್ಕೂ ಹೆಚ್ಚು ಗಾಡಿ ಕಟ್ಟಿದ್ದೇನೆ. ದೊಡ್ಡ ಗಾಡಿ ಓಡಿಸುವ ಲೈಸೆನ್ಸ್ ಇದೆ. ಆದರೆ ನಾನು ಕಟ್ಟಿದ ಒಂದು ಗಾಡಿಯನ್ನೂ ಟೆಸ್ಟಿಗೆಂದು ಪೆಟ್ರೋಲ್ ಬಂಕಿನವರೆಗೆ ಹೊಡೆದುಕೊಂಡು ಹೋದದ್ದು ಬಿಟ್ಟರೆ ಮುಂದಕ್ಕೆ ಓಡಿಸಿಲ್ಲ. ಅದಕ್ಕೇ ಮಾವನಿಗೆ ಹೇಳಿದೆ: "ಕೂಲಿ ಗೀಲಿ ಏನೂ ಬ್ಯಾಡ ಮಾವ. ಇದನ್ನ ಓಡ್ಸೋನು ನಾನು. ಹಡಗಿನೊಳಕ್ಕೆ ಹತ್ಸೋನೂ ನಾನು. ಅಷ್ಟಾದ್ರೆ ಸಾಕು."

"ಇನ್ಯಾರಲೇ ಓಡ್ಸಾಕೆ? ಸ್ಟೇರಿಂಗ್ ನಿಂದೇ ಕಣೋ," ಎಂದ ಮಾವ, ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು. ಆ ಗುದ್ದನ್ನು ನಾನು ಕರಾರುಪತ್ರ ಎಂದುಕೊಂಡೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನ ಬುದ್ಧಿ ಅಷ್ಟೇ.

ಶಾಲೆ ಬಿಡಿಸಿದವರು ಮರುದಿನವೇ ಬಂದರು. ತಿಪ್ಪೇರುದ್ರಸ್ವಾಮಿ ಮೇಷ್ಟ್ರು. ಹೊನ್ನಾಳಿ ಹೈಸ್ಕೂಲಿನಲ್ಲಿ ನಮಗೆ ಭೂಗೋಳ ಹೇಳುತ್ತಿದ್ದವರು. ಪ್ರಶ್ನೆ ಕೇಳಿದರೆ ಹೊರಗೆ ನಿಲ್ಲಿಸುವುದು ಅವರ ಪದ್ಧತಿ. ನಾನು ಒಂದು ವರ್ಷದಲ್ಲಿ ಎಷ್ಟು ದಿನ ಹೊರಗೆ ನಿಂತೆನೆಂದರೆ, ಎದುರಿನ ಗ್ಯಾರೇಜಿನಲ್ಲಿ ನಡೆಯುವ ಕೆಲಸವನ್ನೆಲ್ಲ ನೋಡಿಯೇ ಕಲಿತೆ. ಆ ಮಟ್ಟಿಗೆ ಅವರೇ ನನ್ನ ಗುರು. ನಿವೃತ್ತಿಯಾಗಿ ಜಗಳೂರಿಗೆ ಹಿಂದಿರುಗಿದ ಮೇಲೆ ಮೇಷ್ಟ್ರು ವಾಸ್ತು ಹೇಳಲು ಶುರು ಮಾಡಿದ್ದರು. ಮೂವತ್ತು ವರ್ಷ ಮಕ್ಕಳಿಗೆ ದಿಕ್ಕು ತೋರಿಸಿದವರು, ಈಗ ದೊಡ್ಡವರ ದಿಕ್ಕು ತಪ್ಪಿಸುತ್ತಿದ್ದರು. ಬಸ್ ಕೊಡಿಸಿದವರೂ ಅವರೇ, ಮಾವನ ಹಳೇ ಗೆಳೆಯರು.

ಶೆಡ್ಡಿನೊಳಗೆ ಬಸ್ ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಅದಕ್ಕೆ ಕಾರಣ, ನಾನು ಹಾಗೆ ನಿಲ್ಲಿಸಿದ್ದೆ. ಮೇಷ್ಟ್ರು ಫೋನಿನಲ್ಲಿದ್ದ ದಿಕ್ಸೂಚಿ ಹಿಡಿದು ಒಳಗೆ ಒಂದು ಸುತ್ತು ಹೊಡೆದರು. ಸುತ್ತಲೂ ಕಬ್ಬಿಣವಿದ್ದರಿಂದ ಅದರ ಮುಳ್ಳು ಹುಚ್ಚು ಹಿಡಿದಂತೆ ತಿರುಗಿತು. "ಶಕ್ತಿ ಜೋರೈತೆ ಇಲ್ಲಿ," ಎಂದರು.

"ಮೇಷ್ಟ್ರೇ, ಇದು ಗಾಡಿ. ತಿರುಗ್ತದೆ," ಎಂದೆ.

"ಭೂಮಿನೂ ತಿರುಗ್ತದೆ ಕಣಪ್ಪ. ಹಂಗಂತ ಮನೆಗೆ ವಾಸ್ತು ನೋಡಲ್ಲೇನು?"

ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಇಂಥ ಉತ್ತರ ಕೊಡುವವರನ್ನು ನಾನು ಜೀವನದಲ್ಲಿ ಸೋಲಿಸಲಾರೆ ಎಂದು ಅವತ್ತೇ ಗೊತ್ತಾಗಬೇಕಿತ್ತು.

ಪೂರ್ವಕ್ಕೆ ಮುಖ ಮಾಡಿದ ಗಾಡಿಗೆ ಆಗ್ನೇಯ ಅಂದರೆ ಮುಂದಿನ ಬಲಮೂಲೆ. ಅಲ್ಲಿ ಒಲೆ ಇರಬೇಕು. ಅಲ್ಲಿ ಇರುವುದು ಡ್ರೈವರನ ಸೀಟು.

"ಸ್ಟೇರಿಂಗ್‌ನ ಎಡಕ್ಕೆ ತಗಳ್ಳಾಕೆ ಬರಲ್ಲೇನೋ ಸಿದ್ದು?" ಎಂದು ಮಾವ ಕೇಳಿದ.

"ಬರ್ತದೆ ಮಾವ. ಗಾಡಿನ ಅಮೆರಿಕಾಕ್ಕೆ ಮಾರ್ಬೇಕು ಅಷ್ಟೇ."

ಕಡೆಗೆ ಒಲೆಯನ್ನು ಡ್ರೈವರನ ಬೆನ್ನಿಗೇ ಒತ್ತಿ ಕೂರಿಸಿದೆ. ಅತ್ತೆ ರೊಟ್ಟಿ ಬಡಿದರೆ ಹಿಟ್ಟು ಡ್ರೈವರನ ಕೊರಳಪಟ್ಟಿಯೊಳಕ್ಕೆ ಬೀಳುತ್ತದೆ. ಈಶಾನ್ಯವೆಂದರೆ ಹತ್ತುವ ಬಾಗಿಲು. ಅಲ್ಲಿ ದೇವರ ಗೂಡು, ಅದರ ಕೆಳಗೆ ನೀರಿನ ಟ್ಯಾಂಕು. ನೈಋತ್ಯ ಹಿಂದಿನ ಬಲಮೂಲೆ. ಯಜಮಾನನ ಮಂಚ ಅಲ್ಲಿ. ಆ ಮೂಲೆ ಭಾರವಾಗಿರಬೇಕು ಎಂದು ಮೇಷ್ಟ್ರು ಹೇಳಿದ್ದಕ್ಕೆ ಅತ್ತೆಯ ಹಿತ್ತಿಲಲ್ಲಿ ಮಗುಚಿ ಬಿದ್ದಿದ್ದ ಒರಳುಕಲ್ಲನ್ನು ನಾಲ್ಕು ಜನ ಹೊತ್ತು ತಂದು ಮಂಚದ ಕೆಳಗೆ ಇಟ್ಟರು. ಗಾಡಿಯಲ್ಲಿ ಮಿಕ್ಸಿ ಬೇರೆ ಇತ್ತು. ಉಳಿದದ್ದು ವಾಯವ್ಯ, ಹಿಂದಿನ ಎಡಮೂಲೆ. ಸಂಡಾಸಿಗೆ ಸರಿಯಾದ ಜಾಗ. ಆದರೆ ಯಜಮಾನನ ಮಂಚಕ್ಕೂ ಸಂಡಾಸಿಗೂ ಒಂದೇ ಗೋಡೆ ಆಗಕೂಡದಂತೆ. ಹಾಗಾಗಿ ಸಂಡಾಸನ್ನು ಬಸ್ಸಿನ ಹಿಂಭಾಗದಿಂದ ಹೊರಕ್ಕೆ ಮೂರು ಅಡಿ ಚಾಚಿ, ಪೆಟ್ಟಿಗೆಯ ಹಾಗೆ ಕಟ್ಟು ಎಂದರು.

ಈ ಒಂದಕ್ಕೆ ನಾನು ಕೆಲಸ ನಿಲ್ಲಿಸಿ ಕೂತೆ. "ಹಿಂದಿನ ಗಾಲಿ ದಾಟಿ ಇಷ್ಟು ಬಾಲ ಬಿಟ್ರೆ ಏರು ಹತ್ತೋವಾಗ ನೆಲ ಉಳ್ತದೆ ಮಾವ. ಲಾಂಚಿಗೆ ಹತ್ತೋದೇ ಏರಿನ ಹಲಗೆ ಮೇಲೆ. ಮುರೀತದೆ."

"ನೀನು ಕ್ಲಾಸಲ್ಲೂ ಹಿಂಗೇ ಅಡ್ಡಬಾಯಿ ಹಾಕ್ತಿದ್ದೆ," ಎಂದರು ಮೇಷ್ಟ್ರು, ಪ್ರೀತಿಯಿಂದ. ಹೊರಗೆ ನಿಲ್ಲಿಸೋಣವೆಂದರೆ ಅದು ನನ್ನದೇ ಶೆಡ್ ಆಗಿತ್ತು.

ಕಟ್ಟಿದೆ. ನಾಲ್ಕು ತಿಂಗಳು, ಬೇರೆ ಗಿರಾಕಿಗಳನ್ನು ನಾಳೆ ಬಾ ನಾಡಿದ್ದು ಬಾ ಎಂದು ಓಡಿಸಿ, ಕಬ್ಬಿಣದ ಚಾನೆಲ್ ಕೊರೆದು, ತಗಡು ಬಗ್ಗಿಸಿ, ಮಡಚುವ ಮಂಚ ಏಳು, ಮಳೆ ನುಗ್ಗದ ಕಿಟಕಿ ಹನ್ನೊಂದು. ಮಂಚಗಳ ಕೀಲನ್ನು ನಾನೇ ಕೈಯಲ್ಲಿ ಮಾಡಿದೆ. ಮುಚ್ಚುವಾಗ ಸದ್ದು ಬರುವುದಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಸದ್ದು ಬಂದಿದ್ದರೆ ಗಮನಿಸುತ್ತಿದ್ದರು.

ಅಷ್ಟರಲ್ಲಿ ನ್ಯಾಮತಿಯಲ್ಲಿ ಪ್ಲಾನ್ ತಯಾರಾಗುತ್ತಿತ್ತು. ಮಾಡುತ್ತಿದ್ದವನು ಅಳಿಯ ವಿನೋದ್, ಮಾವನ ಮಗಳು ಪವಿತ್ರಳ ಗಂಡ. ಚನ್ನಗಿರಿಯ ಒಂದು ಕಾಲೇಜಿನಲ್ಲಿ ಆಫೀಸು ನೋಡಿಕೊಳ್ಳುವವನು. ನನಗೆ ಭಾವ ಆಗಬೇಕು. ಫೋನಿನಲ್ಲಿ ಎರಡು ಗುಂಪು ಮಾಡಿದ್ದ. ಒಂದರ ಹೆಸರು 'ಸೋಮನಾಥ ಯಾತ್ರೆ', ಇನ್ನೊಂದರದು 'ಗಾಡಿ ಕೆಲಸ'. ಎರಡನೆಯದರಲ್ಲಿ ನಾನಿದ್ದೆ. ಹೊರಡಲು ಎರಡು ವಾರ ಇರುವಾಗ ಪವಿತ್ರ ಮೊದಲ ಗುಂಪಿನ ಪ್ಲಾನನ್ನು ನನಗೆ ಕಳಿಸಿದಳು, 'ಸಿದ್ದು, ಓದ್ಕ' ಅಂತ ಎರಡೇ ಮಾತು ಬರೆದು.

ಓದಿದೆ. ಹದಿನೆಂಟು ದಿನ, ಅರ್ಧರ್ಧ ಗಂಟೆಗೆ ಒಂದು ಸಾಲು. ಮೊದಲ ದಿನ ಬೆಳಿಗ್ಗೆ ನ್ಯಾಮತಿಯಿಂದ ಹೊರಟು ಗೋವಿನಕೋವಿಯಲ್ಲಿ ಬೀಗರ ಮನೆಯಲ್ಲಿ ತಿಂಡಿ. ಅವರಲ್ಲಿಗೆ ಹೋಗಿ ಇವರಲ್ಲಿಗೆ ಹೋಗದಿದ್ದರೆ ಮಾತು ಬರುತ್ತದೆಂದು ನಲ್ಲೂರಿನ ಚಿಕ್ಕಮ್ಮನ ಮನೆಯಲ್ಲಿ ಊಟ. ಸಂಜೆ ಸೂರಗೊಂಡನಕೊಪ್ಪದಲ್ಲಿ ಕೈಮುಗಿದು ಮತ್ತೆ ನ್ಯಾಮತಿಯಲ್ಲೇ ವಸತಿ. ಗುಜರಾತಿಗೆ ಹೊರಟ ಗಾಡಿ ಮೊದಲ ದಿನ ಪೂರ್ತಿ ಓಡಿ, ರಾತ್ರಿ ಹೊರಟ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಐದನೇ ದಿನ, ಬೆಳಿಗ್ಗೆ ಆರೂ ಹತ್ತಕ್ಕೆ, ಕೊಂಕಣದ ಕಡಲತೀರ: 'ಸಮುದ್ರದಲ್ಲಿ ಸೂರ್ಯೋದಯ ವೀಕ್ಷಣೆ'. ಕೆಳಗೆ ಭೂಗೋಳದ ಮೇಷ್ಟ್ರು ಪರಿಶೀಲಿಸಿ ಸಹಿ ಹಾಕಿದ್ದರು.

ಕಡೆಯ ಹಾಳೆಯಲ್ಲಿ ಮಂಚಗಳ ಪಟ್ಟಿ. ಗೋಣೆಪ್ಪ, ಅನ್ನಪೂರ್ಣ, ಅಜ್ಜಮ್ಮ, ವಿನೋದ್, ಪವಿತ್ರ, ತಿಪ್ಪೇರುದ್ರಸ್ವಾಮಿ, ಮೇಷ್ಟ್ರ ಹೆಂಡತಿ ಗಾದ್ರಮ್ಮ. ಏಳು ಮಂಚ, ಏಳು ಹೆಸರು. 'ಚಾಲಕರು: ವಿನೋದ್.' ನಾನು ಎಲ್ಲೂ ಇರಲಿಲ್ಲ.

ವೆಲ್ಡಿಂಗ್ ಮುಖವಾಡ ಅಲ್ಲೇ ಬಿಸಾಕಿ ಬೈಕ್ ಹತ್ತಿ ನ್ಯಾಮತಿಗೆ ಹೋದೆ. ಜಗಲಿಯ ಮೇಲೆ ಅಜ್ಜಮ್ಮ, ಅಂದರೆ ಮಾವನ ತಾಯಿ, ನನ್ನ ಅಜ್ಜಿ, ಎಲೆ ಅಡಿಕೆ ಕುಟ್ಟುತ್ತಿದ್ದಳು. ಮಾವ ನನ್ನ ಮುಖ ನೋಡಿದವನೇ ಪೇಪರ್ ಬಿಚ್ಚಿ ಅಡ್ಡ ಹಿಡಿದುಕೊಂಡ. ಉತ್ತರ ಕೊಟ್ಟವಳು ಅತ್ತೆ.

"ಅಳಿಯಂದ್ರು ಬಾಯ್ಬಿಟ್ಟು ಕೇಳಿದ್ರಪ್ಪ, ನಾನೇ ಓಡಿಸ್ತೀನಿ ಅಂತ. ಮನೆ ಅಳಿಯನ್ನ ಹಿಂದೆ ಕುಂಡ್ರಿಸ್ಕಂಡು, ಅಳಿಯನ ಕಣ್ಣೆದುರಿಗೆ ಬ್ಯಾರೆಯವರು ಓಡಿಸ್ಕಂಡು ಹೋದ್ರೆ ಬೀಗರು ಏನಂತಾರೆ?"

"ನಾನು ಬ್ಯಾರೆಯವ್ನೇನತ್ತೆ?"

"ಅಲ್ಲ ಕಣೋ, ನೀನು ನಮ್ಮೋನೇ. ನಮ್ಮೋನು ಅಂತಾನೇ ಬಿಟ್ಟಿದ್ದು. ನಮ್ಮೋರಿಗೆ ಹೇಳಿದ್ರೆ ತಿಳ್ಕಂತಾರೆ."

"ಭಾವ ಓಡ್ಸಿರೋದು ಕಾರು. ಅದೂ ಕಾಲೇಜಿಗೆ."

"ಕಲ್ತಿರೋರು ಅವ್ರು. ಎಷ್ಟೊತ್ತು ಬೇಕು?"

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ, "ಸಿದ್ದು ಇಲ್ದಿದ್ರೆ ಗಾಡಿ ಕೆಟ್ಟಾಗ ಯಾರ್ನ ಕರೀತೀರೋ?" ಎಂದಳು.

"ಫೋನ್ ಮಾಡ್ತೀವಮ್ಮ," ಎಂದ ಮಾವ ಪೇಪರಿನ ಹಿಂದಿನಿಂದ.

ಯಾತ್ರೆಗೆ ಹತ್ತು ದಿನವಿರುವಾಗ ಮೇಷ್ಟ್ರಿಗೆ ಹೊಸ ದೋಷ ಕಂಡಿತು. ರಸ್ತೆಯಲ್ಲಿ ಗಾಡಿ ತಿರುಗುತ್ತ ಹೋಗುವುದರಿಂದ ಚಿಂತೆಯಿಲ್ಲ, ದೋಷ ಒಂದು ಕಡೆ ನಿಲ್ಲದೆ ಹಂಚಿಹೋಗುತ್ತದೆ. ಆದರೆ ಹಡಗಿನೊಳಗೆ ಗಾಡಿ ತಾಸುಗಟ್ಟಲೆ ನಿಂತಿರುತ್ತದೆ. ನಿಂತ ಗಾಡಿ ಮನೆಗೆ ಸಮ. ಹಡಗು ಹೋಗುವುದು ಪಶ್ಚಿಮಕ್ಕೆ. ನುಗ್ಗಿದ ಹಾಗೆಯೇ ಗಾಡಿಯೂ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಸಂಡಾಸು ಸೀದಾ ಆಗ್ನೇಯಕ್ಕೆ, ಅಗ್ನಿಮೂಲೆಗೆ ಬರುತ್ತದೆ. ಮನೆಯ ಹೆಂಗಸರಿಗೆ ಕಂಟಕ. ಅತ್ತೆ ಎದೆ ಹಿಡಿದುಕೊಂಡಳು. ಮೇಷ್ಟ್ರು ಪರಿಹಾರವನ್ನೂ ತಂದಿದ್ದರು: ಮೂರು ಲಾಂಚಿಗೂ ಗಾಡಿಯನ್ನು ರಿವರ್ಸಿನಲ್ಲೇ ಹತ್ತಿಸಬೇಕು. ಆಗ ಹಡಗು ಪಶ್ಚಿಮಕ್ಕೆ ಹೋದರೂ ಗಾಡಿ ಪೂರ್ವಕ್ಕೇ ಮುಖ ಮಾಡಿರುತ್ತದೆ.

ರಿವರ್ಸ್ ಎಂದ ಕೂಡಲೆ ವಿನೋದ್ ಭಾವನ ಮುಖ ಬಿಳಿಚಿತೆಂದು ಪವಿತ್ರ ಆಮೇಲೆ ಹೇಳಿದಳು. ಆದರೆ ಅತ್ತೆ, ಮಾವ, ಗುರುಗಳು, ಮೂವರೂ ಎದುರಿಗಿದ್ದರು. "ಒಂದು ಪ್ರಾಕ್ಟೀಸ್ ಮಾಡ್ಕಂಡ್ರೆ ಆಯ್ತು ಬಿಡ್ರಿ," ಎಂದನಂತೆ.

ಪ್ರಾಕ್ಟೀಸ್ ನನ್ನ ಶೆಡ್ಡಿನ ಪಕ್ಕದಲ್ಲೇ ಆಯಿತು. ಅಲ್ಲಿ ಮುಚ್ಚಿಹೋದ ಒಂದು ಅಕ್ಕಿ ಗಿರಣಿ ಇದೆ. ಲಾರಿಗಳು ಹತ್ತಲೆಂದು ಮಣ್ಣಿನ ಏರು, ಏರಿನ ತಲೆಗೆ ಅಗಲವಾದ ಕಲ್ಲಿನ ಕಟ್ಟೆ. ಏರು ಹಲಗೆ, ಕಟ್ಟೆ ಹಡಗು ಎಂದು ಒಪ್ಪಂದವಾಯಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬಂದರು. ಜಗಳೂರಿನಿಂದ ಮೇಷ್ಟ್ರು ದಂಪತಿ ಬಂದರು. ಅತ್ತೆ ಉಪ್ಪಿಟ್ಟು ತಂದಿದ್ದಳು. ಅಜ್ಜಿ ತನ್ನ ಮಂಚ ಯಾವುದೆಂದು ಕೇಳಿ ಹತ್ತಿ ಕೂತವಳು, ಇಳಿ ಎಂದರೂ ಇಳಿಯಲಿಲ್ಲ. ಮಾವ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಅಕ್ಕಿ ಗಿರಣಿಯ ಕಟ್ಟೆಗೆ ಕಾಯಿ ಒಡೆದು, "ಗಂಗಾಮಾತೆ, ಕಾಪಾಡವ್ವ," ಎಂದ. ಸುತ್ತ ಹನಿ ನೀರಿರಲಿಲ್ಲ.

ವಿನೋದ್ ಭಾವ ಸೀಟಿನಲ್ಲಿ ಕೂತ. ಹಿಂದೆ ಐದು ಜನ ನಿಂತು ಐದು ದಿಕ್ಕು ಹೇಳತೊಡಗಿದರು.

"ಬರ್ಲಿ ಬರ್ಲಿ ಬರ್ಲಿ!"

"ರೈಟಿಗೆ ಕಟ್ ಮಾಡ್ರಿ ಅಳಿಯಂದ್ರೇ!"

"ಯಾರ ರೈಟು? ನಂದೋ ನಿಮ್ದೋ?"

"ಈಶಾನ್ಯಕ್ಕೆ ಎಳ್ಕಳಿ!" ಎಂದು ಮೇಷ್ಟ್ರು ಕೂಗಿದರು.

ನಾನು ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದೆ, ಕೈ ಕಟ್ಟಿಕೊಂಡು. ಕೈ ಬಿಚ್ಚಿದ್ದರೆ ಯಾರನ್ನಾದರೂ ಹೊಡೆಯುತ್ತಿದ್ದೆ. ಗಾಡಿ ಹಿಂದಕ್ಕೆ ಸರಿಯಿತು. ಚಾಚಿಕೊಂಡ ಸಂಡಾಸಿನ ಪೆಟ್ಟಿಗೆ ಏರಿನ ಮೇಲೆ ಬಂತು, ಇನ್ನೂ ಬಂತು. ಗಾಲಿ ಏರಿಗೆ ತಾಗುವ ಮೊದಲೇ ಪೆಟ್ಟಿಗೆಯ ತಳ ಮಣ್ಣಿಗೆ ಕಚ್ಚಿತು. ಭಾವ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದ. ಕಿರ್ರೆಂದು, ನನ್ನ ಹಲ್ಲೊಳಗೇ ಯಾರೋ ಅರ ಹಾಕಿ ಉಜ್ಜಿದ ಹಾಗೆ, ನಾಲ್ಕು ತಿಂಗಳ ಕೆಲಸ ಸೀಳಿತು. ಪೆಟ್ಟಿಗೆ ಅರ್ಧ ಕಿತ್ತು ಜೋತುಬಿತ್ತು. ಗಾಡಿ ಅದರ ಮೇಲೆ ಕೂತು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಒಳಗಿನಿಂದ ಅಜ್ಜಿ, "ಬಂತೇನ್ರೋ ಲಾಂಚು?" ಎಂದಳು.

ಭಾವ ಇಳಿದು ಬಂದ. ಅಂಗಿ ಮೈಗೆ ಅಂಟಿತ್ತು. "ರಿವರ್ಸಿಗೆ... ಸಿದ್ದು ಇದ್ರೆ ಒಳ್ಳೇದೇನೋ," ಎಂದ.

ಮಾವನ ಮುಖ ಅರಳಿತು. ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ. "ಅದೇ ಸರಿ. ಮೂರು ಲಾಂಚಿಗೂ ರಿವರ್ಸ್ ನಿಂದು. ಉಳಿದದ್ದು ಅಳಿಯಂದ್ರು ನೋಡ್ಕಂತಾರೆ. ಇಬ್ರಿಗೂ ಮರ್ಯಾದೆ ಆತು."

"ಮಂಚ ಏಳೇ ಇರೋದಲ್ಲ ಮಾವ?"

"ಹೂಂ. ಮಂಚ ಇಲ್ಲ. ನೀನು ಬಸ್ಸೋ ರೈಲೋ ಹಿಡ್ಕಂಡು ಲಾಂಚಿನ ಹತ್ರ ಬಂದ್ಬಿಡಪ್ಪ. ಹತ್ತಿಸ್ಕೊಟ್ಟು ಹೋಗು. ಇನ್ನೊಂದು ಲಾಂಚಿಗೆ ಮತ್ತೆ ಬಾ. ನಾವು ದಡದಾಗೆ ಕಾಯ್ತಿರ್ತೀವಿ."

ತಮಾಷೆಯಲ್ಲ. ವಿನೋದ್ ಭಾವ ಅಷ್ಟರಲ್ಲಿ ಫೋನ್ ತೆಗೆದು ಪ್ಲಾನಿನಲ್ಲಿ ಒಂದು ಸಾಲು ಸೇರಿಸಿಯೇ ಬಿಟ್ಟಿದ್ದ: 'ರಿವರ್ಸ್ ಚಾಲಕರು: ಸಿದ್ದು. ಪ್ರಯಾಣ ಸ್ವಂತ ವ್ಯವಸ್ಥೆ.'

ಒಂದು ಮಾತು ನಿಜ. ಹೂಂ ಎಂದಿದ್ದರೆ, ಹಡಗಿನ ಬಾಯಲ್ಲಿ ಮೂರು ಸಲ, ಐದೈದು ನಿಮಿಷವಾದರೂ ಆ ಗಾಡಿ ನನ್ನ ಕೈಯಲ್ಲಿರುತ್ತಿತ್ತು. ಆಸೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಣ್ಣೆದುರಿಗೆ ಪೆಟ್ಟಿಗೆ ಜೋತಾಡುತ್ತಿತ್ತು. ಅದನ್ನು ಮತ್ತೆ ಹಾಗೇ ಬೆಸೆದು, ಹಾಗೇ ಚಾಚಿ, ಗುಜರಾತಿನವರೆಗೆ ಒಯ್ದು, ಸಾವಿರ ಜನರ ಎದುರು ಹಿಂದುಮುಂದಾಗಿ ಹತ್ತಿಸಿ ಮತ್ತೆ ಮುರಿಸಬೇಕು, ಕಾರಣ ಇವರ ದಿಕ್ಕು. ಏರಿನ ಲೆಕ್ಕ ಹೇಳಿದರೆ ಇವರಿಗೆ ಕೇಳಿಸುವುದಿಲ್ಲ ಎಂದು ನಾಲ್ಕು ತಿಂಗಳಲ್ಲಿ ಕಲಿತಿದ್ದೆ. ಕೇಳಿಸುವ ಭಾಷೆ ಬೇರೆ ಇತ್ತು. ಗಾಡಿಯ ಕಿಟಕಿಯ ಹತ್ತಿರ ಹೋದೆ.

"ಅಜ್ಜಿ, ಸೋಮನಾಥ ಯಾವ ದಿಕ್ಕಿಗವನೆ?"

"ಪಡುವಣಕ್ಕೆ ಅಂತಾರಪ್ಪ."

"ಹಡಗಿನಾಗೆ ಗಾಡಿ ಮೂಡಣಕ್ಕೆ ಮುಖ ಮಾಡಿ ನಿಂತ್ರೆ, ಪಡುವಣದ ಕಡೆ ಗಾಡೀದು ಏನಿರ್ತದೆ?"

ಅಜ್ಜಿ ಹಿಂದಿನ ಕಿಟಕಿಯಿಂದ ಇಣುಕಿ ನೋಡಿದಳು. ಜೋತುಬಿದ್ದ ಪೆಟ್ಟಿಗೆಯ ತೂತಿನಿಂದ ಬಿಳಿ ಬೇಸಿನ್ ಹೊರಗೆ ಕಾಣುತ್ತಿತ್ತು.

"ಅಯ್ಯಯ್ಯೋ ಶಿವನೇ! ಏನ್ರೋ ಇದು, ಸಂಡಾಸು ಮುಂದೆ ಮಾಡ್ಕಂಡು ದೇವ್ರ ಕಡೆ ಹೋಗಾಕೆ ಹೊಂಟೀರಾ? ದೇವ್ರಿಗೆ ಬೆನ್ನು ಹಾಕ್ಕಂಡು? ಇಳಸ್ರೋ ನನ್ನ! ನಾನು ಬರಾಕಿಲ್ಲ!"

ಗಾದ್ರಮ್ಮನವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗಂಡನ ಕಡೆ ನೋಡಿದರು. ಅತ್ತೆ ನೋಡಿದಳು. ಮಾವ ನೋಡಿದ. ಮೇಷ್ಟ್ರು, ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗ ಹೇಗೆ ತೊಲೆ ನೋಡುತ್ತಾನೋ ಹಾಗೆ ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು:

"ನೀರಿನ ಮೇಲೆ ವಾಸ್ತು ಇಲ್ಲ."

"ಹಂಗಂದ್ರೆ?"

"ವಾಸ್ತು ಇರೋದು ಭೂಮಿತತ್ವಕ್ಕೆ. ಹಡಗಿನ ಕೆಳಗೆ ಜಲ. ಅಲ್ಲಿ ಮೂಲೆನೂ ಇಲ್ಲ, ದೋಷಾನೂ ಇಲ್ಲ. ಹೆಂಗ್ ಬೇಕಾದ್ರೂ ನಿಲ್ಲಿಸ್ಕಳ್ರಿ. ನಾನು ನಿಮ್ಮ ಶ್ರದ್ಧೆ ನೋಡ್ತಿದ್ದೆ."

ಮಾವ ಕೈಮುಗಿದ. ನನಗೆ ತಲೆಯೊಳಗೆ ಸುತ್ತಿಗೆ ಹೊಡೆದ ಹಾಗಾಯಿತು. ರಸ್ತೆಯಲ್ಲಿ ದೋಷ ನಿಲ್ಲುವುದಿಲ್ಲ, ನೀರಿನ ಮೇಲೆ ವಾಸ್ತುವೇ ಇಲ್ಲ: ಒಂದೇ ಒಂದು ಸಾಲು. ಇದನ್ನು ನಾಲ್ಕು ತಿಂಗಳ ಹಿಂದೆ ಹೇಳಿದ್ದರೆ ಈ ಬಾಲವೂ ಇರುತ್ತಿರಲಿಲ್ಲ, ಒರಳುಕಲ್ಲೂ ಇರುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ವಿನೋದ್ ಭಾವ ಮುಖ ಒರೆಸಿಕೊಂಡು, "ಹಂಗಾದ್ರೆ ಮುಂದಿನಿಂದಾನೇ ಹತ್ತಿಸಬಹುದು. ಅಷ್ಟು ನಂಗೂ ಬರ್ತದೆ," ಎಂದು ಫೋನಿನಲ್ಲಿದ್ದ ನನ್ನ ಸಾಲನ್ನು ಅಳಿಸಿದ. ನನ್ನ ಬಾಯಿಂದಲೇ ನನ್ನ ಐದೈದು ನಿಮಿಷವೂ ಹೋಯಿತು.

"ಭೇಷ್!" ಎಂದ ಮಾವ. "ಸಿದ್ದು, ಗಾಡಿನ ಕೆಳಕ್ಕಿಳಿಸಿ, ಆ ಸಂಡಾಸೊಂದು ಸರಿ ಮಾಡಿಟ್ಬಿಡಪ್ಪ. ನಾಳೆ ಬಿಟ್ಟು ಬರೋ ಸೋಮವಾರ ಹೊರಡಾದು."

ಗ್ಯಾಸ್ ಕಟರ್ ತಂದೆ. ಯಾರೂ ಹತ್ತಿರ ಬರಲಿಲ್ಲ. ಪೆಟ್ಟಿಗೆ ಹಿಡಿದಿದ್ದ ನಾಲ್ಕು ಕಬ್ಬಿಣದ ಆಂಗಲ್ ಕೊಯ್ದೆ. ಪೆಟ್ಟಿಗೆ ದಡಕ್ಕನೆ ಮಣ್ಣಿಗೆ ಬಿತ್ತು. ಹತ್ತಿ ಕೂತು ಗಾಡಿಯನ್ನು ಮುಂದಕ್ಕೆ ತೆಗೆದು, ಶೆಡ್ಡಿನೊಳಗೆ ಒಂದೇ ಏಟಿಗೆ ರಿವರ್ಸಿನಲ್ಲಿ ಹಾಕಿ, ಅಜ್ಜಿಯನ್ನು ಕೈಹಿಡಿದು ಇಳಿಸಿದೆ. ಆಮೇಲೆ ಕೀಲಿ ತೆಗೆದು ಪ್ಯಾಂಟಿನ ಜೇಬಿಗೆ ಇಳಿಬಿಟ್ಟೆ.

"ಪೆಟ್ಟಿಗೆ ಹೊರಗೆ ಚಾಚಿದ್ರೆ ಮುಂದಿನಿಂದ ಹತ್ತಿದ್ರೂ ಉಜ್ತದೆ. ಒಳಕ್ಕೆ ಎಳ್ದು ಕೂರಿಸ್ಬೇಕು. ನಿನ್ನ ಮಂಚ ಒಂದಡಿ ಗಿಡ್ಡ ಆಗ್ತದೆ ಮಾವ, ಕಾಲು ಮಡಚ್ಕಂಡು ಮಲಗು. ಮೂರು ದಿನದ ಕೆಲಸ. ಕೂರಿಸೋನು ನಾನೇ, ಓಡ್ಸೋನೂ ನಾನೇ. ಎರಡೂ ಸೇರಿ ಒಂದೇ ಕೆಲಸ. ಬಿಡಿಬಿಡಿಯಾಗಿ ಮಾಡಿಕೊಡಲ್ಲ."

"ಏನಲೇ, ಮಾವಂಗೇ ಕರಾರು ಹಾಕ್ತೀಯಾ? ಊರಾಗೆ ನೀನೊಬ್ನೇ ಏನೋ ಬಾಡಿ ಕಟ್ಟೋನು?"

"ಇದಾರೆ. ಹೋಗು. ಕೇಳು."

ಹೋದ. ಕೇಳಿದ. ನಮ್ಮ ಕಸುಬಿನಲ್ಲಿ ಒಂದು ರಿವಾಜಿದೆ: ಒಬ್ಬ ಕಟ್ಟಿದ ಬಾಡಿಗೆ, ಅವನು ಬದುಕಿರುವಾಗ, ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಸುತ್ತಿಗೆ ಎತ್ತುವುದಿಲ್ಲ. ಹೊನ್ನಾಳಿಯ ಇನ್ನೊಂದು ಶೆಡ್ಡಿನ ತಿಪ್ಪೇಶ್‌ಗೂ ನನಗೂ ಎರಡು ವರ್ಷದಿಂದ ಮಾತಿಲ್ಲ. ಅವನೂ, "ಸಿದ್ದೂನ ಕೈಯಾಗೇ ಮಾಡಿಸ್ಕಳ್ರಿ ಯಜಮಾನ್ರೇ," ಎಂದನಂತೆ. ಚನ್ನಗಿರಿಯಲ್ಲೂ ಅದೇ ಉತ್ತರ. ಪೊಲೀಸರಿಗೆ ಹೇಳುತ್ತೇನೆ ಎಂದು ಮಾವ ಫೋನಿನಲ್ಲಿ ಕೂಗಾಡಿದ. ತಂಗಿಯ ಮಗನ ಮೇಲೆ ದೂರು ಕೊಟ್ಟರೆ ಬೀಗರಿಗೆ ಏನು ಹೇಳುವುದೆಂದು ಅತ್ತೆಯೇ ತಡೆದಳು. ನಾನು ಶೆಡ್ಡಿನಲ್ಲಿ ಒಂದು ಟ್ರ್ಯಾಕ್ಟರ್ ಟ್ರೇಲರಿನ ಕೆಲಸ ಹಿಡಿದೆ. ಗಾಡಿಯ ಹಿಂದಿನ ತೂತು ನೋಡಿದಾಗಲೆಲ್ಲ ಎದೆ ಉರಿಯುತ್ತಿತ್ತು. ಅದನ್ನು ಮುಚ್ಚಲು ಕೈ ತುರಿಸುತ್ತಿತ್ತು. ಮುಚ್ಚಲಿಲ್ಲ.

ಗುರುವಾರ ಮಧ್ಯಾಹ್ನ ವಿನೋದ್ ಭಾವ ಒಬ್ಬನೇ ಬಂದ. ಚನ್ನಗಿರಿಯಿಂದ ನೇರ ಬಂದಿದ್ದನೆಂದು ಕಾಣುತ್ತದೆ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಡೀಸೆಲ್ ಡಬ್ಬ ಮಗುಚಿ ಹಾಕಿಕೊಂಡು ಕೂತ. ನಾನು ಕೆಲಸ ಬಿಡಲಿಲ್ಲ.

"ರಜೆ ಮಂಜೂರಾಗೈತೆ ಸಿದ್ದು. ಹದಿನೆಂಟು ದಿನ. ನಾಲ್ಕು ವರ್ಷದಿಂದ ಕೇಳ್ತಿದ್ದೆ. ಈಗ ಬ್ಯಾಡ ಅಂದ್ರೆ ಮತ್ತೆ ಕೊಡಲ್ಲ."

"ಹೋಗ್ರಿ ಭಾವ. ಕಾರಲ್ಲಿ ಹೋಗ್ರಿ."

ಅವನು ಗಾಡಿಯ ಕಡೆ ನೋಡುತ್ತ ಹೇಳಿದ: "ನಿಂಗೊಂದು ಹೇಳ್ತೀನಿ, ಅತ್ತೆ ಹತ್ರ ಹೇಳ್ಬ್ಯಾಡ. ಓಡಿಸ್ತೀನಿ ಅಂತ ನಾನು ಕೇಳೇ ಇಲ್ಲ ಕಣೋ. ಊಟಕ್ಕೆ ಕುಂತಾಗ ಅತ್ತೇನೇ, 'ಅಳಿಯಂದ್ರು ಓಡಿಸ್ತಾರಲ್ಲ' ಅಂದ್ರು. ಇಲ್ಲ ಅನ್ನಾಕೆ ಆಗ್ಲಿಲ್ಲ. ಆ ಗಾಡಿ ನೆನೆಸ್ಕಂಡು ಎರಡು ವಾರದಿಂದ ನಿದ್ದೆ ಇಲ್ಲ."

ನನಗೆ ನಗು ಬರಬೇಕಿತ್ತು. ಇನ್ನಷ್ಟು ಸಿಟ್ಟು ಬಂತು. ಬೇಡದವನಿಗೆ ಬಲವಂತವಾಗಿ ಕೊಟ್ಟು, ಬೇಕೆಂದವನಿಂದ ಕಿತ್ತುಕೊಂಡು, ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದರು.

"ಮಾವ ಏನಂತಾರೆ?"

ಭಾವ ಬ್ಯಾಗಿನಿಂದ ಹೊಸ ಪ್ಲಾನ್ ತೆಗೆದ. ಬಿಸಿ ಪ್ಲಾಸ್ಟಿಕ್ ಹೊದಿಸಿ ಗಟ್ಟಿ ಮಾಡಿಸಿದ್ದ. ಮಂಚಗಳ ಪಟ್ಟಿ ಹಾಗೇ ಇತ್ತು. ಅದರ ಕೆಳಗೆ, ಡ್ರೈವರನ ಸೀಟಿನ ಹಿಂದೆ ಒಲೆಯ ಪಕ್ಕ ನೆಲಹಾಸಿಗೆ ಒಂದು, ನನ್ನ ಹೆಸರಿಗೆ. ಅದರ ಕೆಳಗೆ: 'ಚಾಲಕರು: ಸಿದ್ದು (ಅಳಿಯಂದಿರ ಪರವಾಗಿ)'.

ಎರಡು ಸಲ ಓದಿದೆ.

"ಪರವಾಗಿ ಅಂದ್ರೆ ಏನು ಭಾವ?"

"ಅತ್ತೆ ಹೇಳಿ ಬರೆಸಿದ್ದು. ಬೀಗರು ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ. ಅದೇನು ದಾರಿನಾಗೆ ಅಡ್ಡ ಬರಲ್ಲ, ಬಿಡು."

ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಆ ಎರಡು ಪದಗಳ ಮೇಲೆ ಎಳೆದೆ. ಪ್ಲಾಸ್ಟಿಕ್ಕಿನ ಮೇಲೆ ಹತ್ತಲಿಲ್ಲ. ಭಾವ, "ಅದ್ರ ಮೇಲೆ ಹತ್ತಲ್ಲ," ಎಂದ. ತಗಡಿನ ಮೇಲೆ ಗುರುತು ಕೊರೆಯಲು ಇಟ್ಟುಕೊಂಡ ಉಕ್ಕಿನ ಮೊಳೆ ತಗೊಂಡು, ಕಂಸದ ಒಳಗಿದ್ದದ್ದು ಪೂರ್ತಿ ಬೆಳ್ಳಗಾಗುವವರೆಗೆ ಗೀರಿದೆ. ಹಾಳೆ ಅಲ್ಲಿ ತೂತಾಯಿತು. ಭಾವ ನೋಡುತ್ತ ಕೂತಿದ್ದ, ತಡೆಯಲಿಲ್ಲ. ನಾನು ಹಾಳೆ ವಾಪಸ್ ಕೊಟ್ಟಾಗ ಆ ತೂತಿನೊಳಗಿಂದ ಒಮ್ಮೆ ಹೊರಗೆ ನೋಡಿ, ಬ್ಯಾಗಿಗೆ ಹಾಕಿಕೊಂಡ.

"ಅಂಗಿ ಬಿಚ್ಚಿಡ್ರಿ, ಕಿಡಿ ಬೀಳ್ತದೆ," ಎಂದೆ.

ಬಿಚ್ಚಿ ಕಂಬದ ಮೊಳೆಗೆ ಸಿಕ್ಕಿಸಿ, ಬನಿಯನ್ನಿನಲ್ಲಿ ಬಂದು ನಿಂತ. ಸಂಡಾಸಿನ ಪೆಟ್ಟಿಗೆ ಇಬ್ಬರ ಭಾರ. ಅದರ ಒಂದು ಬದಿ ನಾನು ಎತ್ತಿದೆ.

"ಆ ಕಡೆ ಹಿಡ್ಕಳ್ರಿ. ಗಟ್ಟಿಯಾಗಿ. ಇನ್ನೂ ಒಳಕ್ಕೆ ಬರ್ಲಿ."

ಹಿಡಿದುಕೊಂಡ.